ಅಪ್ಪನ ಜನತಾ, ಡಾಂಬರು ಗುಳಿಗೆ ಮತ್ತು ನನ್ನ 31 ವಾಚುಗಳು

ಅಪ್ಪ ತೀರಿಕೊಂಡು ಎಂಟು ವರ್ಷವಾದ ಮೇಲೆ ಅವ್ವನ ಬೀರುವಿನಲ್ಲಿ ಅವರ ಎಚ್‌ಎಂಟಿ ಜನತಾ ವಾಚು ಸಿಕ್ಕಿತು. ಅವ್ವ ಅದನ್ನು ಬಹಳ ಜತನದಿಂದಲೇ ಇಟ್ಟಿದ್ದಳು. ಮೊದಲು ಪ್ಲಾಸ್ಟಿಕ್ ಚೀಲ, ಅದರ ಮೇಲೆ ಅಪ್ಪನ ಕರವಸ್ತ್ರ, ಅದನ್ನೆಲ್ಲ ಹಳೆಯ ಪೌಡರ್ ಡಬ್ಬಿಯಲ್ಲಿ ತುರುಕಿ, ಹುಳ ಬೀಳಬಾರದೆಂದು ಎರಡು ಡಾಂಬರು ಗುಳಿಗೆ. ಬಿಚ್ಚಿ ನೋಡಿದರೆ ಗಾಜಿನ ಮೇಲೆ ಹರಳುಹರಳಾದ ಬಿಳಿ ಪೊರೆ ಕಟ್ಟಿತ್ತು. ಬೆಲ್ಟು ಕೂಡುವ ಮೂಲೆಗಳಲ್ಲಿ ಹಸಿರು ಕಿಲುಬು. ಕೀಲಿಯ ಗುಂಡಿ ತಿರುಗಲೇ ಇಲ್ಲ.

ಮಂಡಿಪೇಟೆಯ ಕಡೆ ನನಗೆ ಹಳೆಯ ಪರಿಚಯದ ರಿಪೇರಿಯವರೊಬ್ಬರಿದ್ದಾರೆ. ಅವರು ಹಿಂಬದಿಯ ಮುಚ್ಚಳ ತೆಗೆದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಹಳ ಹೊತ್ತು ನೋಡಿದರು. ಕೀಲಿಯ ಕಡ್ಡಿ ತುಕ್ಕು ಹಿಡಿದು ಗೂಡಿನಲ್ಲೇ ಕಚ್ಚಿಕೊಂಡಿತ್ತು. "ಮೇಷ್ಟ್ರೇ, ಇದು ಓಡಿ ಸವೆದ ವಾಚಲ್ಲ, ಕೂತು ಕೆಟ್ಟ ವಾಚು" ಎಂದರು. ಆ ಮಾತು ನನ್ನೊಳಗೆ ಕೂತುಬಿಟ್ಟಿತು. ಅಪ್ಪ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಪಾಳಿಗೆ ಹೋಗುತ್ತಿದ್ದಾಗ ಅದೇ ವಾಚು ಧೂಳು, ಬೆವರು, ಎಣ್ಣೆಗಳ ನಡುವೆ ಇಪ್ಪತ್ತು ವರ್ಷ ಓಡಿತ್ತು. ಎಂಟು ವರ್ಷ ಭದ್ರವಾಗಿ ಮುಚ್ಚಿಟ್ಟದ್ದು ಅದನ್ನು ಕೆಡಿಸಿತು.

ಈಗ ನನ್ನ ಬಳಿ 31 ವಾಚುಗಳಿವೆ. ಅವುಗಳಲ್ಲಿ 23 ಎಚ್‌ಎಂಟಿ. ಉಳಿದವು ಟೈಟಾನ್, ಆಲ್ವಿನ್, ಸೀಕೋ. ಇವುಗಳಲ್ಲಿ ಯಾವುದೂ ಲಕ್ಷಗಟ್ಟಲೆ ಬಾಳುವುದಲ್ಲ. ಆದರೆ ಕಳೆದುಹೋದರೆ, ಕೆಟ್ಟುಹೋದರೆ ಮತ್ತೆ ತರುವುದು ಕಷ್ಟ. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ವಾಚು ತಯಾರಿಸಲು ಶುರು ಮಾಡಿತು. ಆಮೇಲೆ ನಮ್ಮ ತುಮಕೂರಿನಲ್ಲೂ ಕಾರ್ಖಾನೆ ಬಂತು. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ವಾಚು ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಅಂದಿನಿಂದ ಬಿಡಿಭಾಗ ಬೇಕೆಂದರೆ ಇನ್ನೊಂದು ಸತ್ತ ವಾಚನ್ನು ಬಿಚ್ಚಬೇಕು. ಅಪ್ಪನ ಜನತಾಕ್ಕೆ ಹಾಕಿದ ಕೀಲಿಕಡ್ಡಿ ಕೂಡ ಹಾಗೆಯೇ ಸಿಕ್ಕಿದ್ದು. ಹೀಗಿರುವಾಗ ಇರುವುದನ್ನು ಉಳಿಸಿಕೊಳ್ಳುವ ಕೆಲಸವನ್ನು ನಾನು ಬಹಳ ಗಂಭೀರವಾಗಿ ತೆಗೆದುಕೊಂಡಿದ್ದೇನೆ.

ಮೊದಲು ಡಾಂಬರು ಗುಳಿಗೆಯನ್ನು ಮನೆಯ ವಾಚಿನ ಕಪಾಟಿನಿಂದ ಆಚೆ ಹಾಕಿದೆ. ಅದು ಕರಗುವುದಿಲ್ಲ, ಗಾಳಿಯಾಗಿ ಹಬ್ಬುತ್ತದೆ. ತಂಪಾದ ಜಾಗ ಸಿಕ್ಕಿದಲ್ಲಿ ಮತ್ತೆ ಹರಳಾಗಿ ಕೂರುತ್ತದೆ. ಗಾಜಿನ ಮೇಲಿನ ಪೊರೆ ಅದೇ. ಕರ್ಪೂರವೂ ಹೀಗೆಯೇ ವರ್ತಿಸುತ್ತದೆ, ಆದ್ದರಿಂದ ದೇವರ ಕೋಣೆಯ ಕಪಾಟೂ ಬೇಡ. ಕಿಲುಬಿಗೆ ಕಾರಣ ಬೇರೆ. ಹಳೆಯ ವಾಚುಗಳಲ್ಲಿ ಅನೇಕವುಗಳ ಮೈ ಹಿತ್ತಾಳೆ, ಮೇಲೆ ಕ್ರೋಮಿಯಂ ಲೇಪ ಮಾತ್ರ. ಲೇಪ ಸವೆದ ಕಡೆ ಬೆವರಿನ ಉಪ್ಪು, ತೇವ, ಚರ್ಮದ ಬೆಲ್ಟಿನ ರಸ ಮೂರೂ ಸೇರಿದರೆ ಹಿತ್ತಾಳೆ ಹಸಿರಾಗುತ್ತದೆ. ಒಂದು ತಿಂಗಳಿಗಿಂತ ಹೆಚ್ಚು ದಿನ ಒಳಗಿಡುವ ವಾಚಿನ ಚರ್ಮದ ಬೆಲ್ಟನ್ನು ನಾನು ಬಿಚ್ಚಿ ಬೇರೆ ಇಡುತ್ತೇನೆ. ಕೈಯಿಂದ ತೆಗೆದ ವಾಚನ್ನು ಒರೆಸದೆ ಒಳಗಿಡುವುದಿಲ್ಲ. ಮೆತ್ತನೆಯ ಹತ್ತಿಬಟ್ಟೆಯನ್ನು ಸ್ವಲ್ಪ ತೇವ ಮಾಡಿ ಒಮ್ಮೆ, ಒಣಬಟ್ಟೆಯಿಂದ ಇನ್ನೊಮ್ಮೆ ಒರೆಸಿ, ಒಂದು ರಾತ್ರಿ ಮೇಜಿನ ಮೇಲೆ ಗಾಳಿಗೆ ಬಿಟ್ಟು ಮಾರನೆಯ ದಿನ ಡಬ್ಬಿಗೆ ಹಾಕುತ್ತೇನೆ.

ಡಬ್ಬಿಯ ವಿಷಯದಲ್ಲಿ ನಾನು ಹಣ ಕಳೆದುಕೊಂಡಿದ್ದೇನೆ. ಮೊದಲು ಕೊಂಡದ್ದು ನೋಡಲು ಚೆಂದದ ಪೆಟ್ಟಿಗೆ, ಮೇಲೆ ಗಾಜು, ಒಳಗೆ ಸ್ಪಂಜಿನ ದಿಂಬುಗಳು. ನಾಲ್ಕನೆಯ ಮಳೆಗಾಲಕ್ಕೆ ಆ ಸ್ಪಂಜು ತನ್ನಷ್ಟಕ್ಕೆ ಪುಡಿಯಾಗಿ ಜಿಗುಟಾಯಿತು, ಎರಡು ವಾಚುಗಳ ಹಿಂಬದಿಗೆ ಬೆಲ್ಲದ ಪಾಕದಂತೆ ಅಂಟಿಕೊಂಡಿತು. ಈಗ ಅಡುಗೆಮನೆಗೆ ತರುವ, ಮುಚ್ಚಳಕ್ಕೆ ರಬ್ಬರ್ ಅಂಚಿದ್ದು ನಾಲ್ಕೂ ಕಡೆ ಕೊಂಡಿ ಬೀಳುವ ಗಟ್ಟಿ ಡಬ್ಬಿಗಳೇ ನನ್ನ ಪೆಟ್ಟಿಗೆಗಳು. ಒಂದೊಂದು ವಾಚಿಗೂ ಒಂದೊಂದು ಚೀಲವಿದೆ. ಅಪ್ಪನ ಹಳೆಯ ಪಂಚೆಗಳನ್ನು ಗಂಜಿ ಹೋಗುವವರೆಗೆ ಒಗೆದು ನನ್ನ ಹೆಂಡತಿ ಹೊಲಿದುಕೊಟ್ಟದ್ದು.

ಅವ್ವನದೂ ಮುಚ್ಚಿದ ಡಬ್ಬಿಯೇ ಅಲ್ಲವೇ ಎಂದು ನೀವು ಕೇಳಬಹುದು. ಅವ್ವ ಬೆವರಿನ ತೇವವನ್ನೂ ಸೇರಿಸಿ ಮುಚ್ಚಿದ್ದಳು, ಎಂಟು ವರ್ಷ ತೆರೆಯಲಿಲ್ಲ. ನಾನು ಒಣಗಿಸಿ ಮುಚ್ಚುತ್ತೇನೆ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಕಾಳುಗಳನ್ನು ಇಡುತ್ತೇನೆ, ತಿಂಗಳಿಗೊಮ್ಮೆ ತೆರೆಯುತ್ತೇನೆ. ಜತೆಗೆ ತೇವಾಂಶ ತೋರಿಸುವ ಪುಟ್ಟ ಮಾಪಕವೂ ಪ್ರತಿ ಡಬ್ಬಿಯಲ್ಲಿದೆ.

ಈ ಮಾಪಕವೇ ನನಗೆ ನಮ್ಮ ಊರಿನ ಹವೆಯನ್ನು ಕಲಿಸಿತು. ದಾವಣಗೆರೆ ಒಣ ಊರು, ಇಲ್ಲಿ ತೇವದ ಚಿಂತೆ ಏಕೆ ಎಂದುಕೊಂಡಿದ್ದೆ. ಜುಲೈ ತಿಂಗಳಲ್ಲಿ ಸೋನೆ ಹಿಡಿದ ವಾರ, ಸುತ್ತ ಭದ್ರಾ ನಾಲೆಯ ಗದ್ದೆಗಳಲ್ಲಿ ನೀರು ನಿಂತ ಕಾಲದಲ್ಲಿ, ನನ್ನ ಕೋಣೆಯಲ್ಲಿ ಮುಳ್ಳು ಶೇಕಡ 80 ದಾಟಿತು. ಅದೇ ಕೋಣೆಯಲ್ಲಿ ಏಪ್ರಿಲ್ ಮಧ್ಯಾಹ್ನ 30ಕ್ಕಿಂತ ಕೆಳಗಿತ್ತು. ಮಳೆಗಾಲದಲ್ಲಿ ಜೆಲ್ ಬೇಕೇ ಬೇಕು. ಬೇಸಿಗೆಯಲ್ಲಿ ಅದೇ ಜೆಲ್ ಬೆಲ್ಟುಗಳನ್ನು ಒಣಗಿಸಿ ಬಿರುಕು ಬಿಡಿಸುತ್ತದೆ. ನನ್ನದೊಂದು ಒಳ್ಳೆಯ ಬೆಲ್ಟು ಹಾಗೆಯೇ ಹೋಯಿತು. ಆದ್ದರಿಂದ ಶಿವರಾತ್ರಿ ಕಳೆದ ಮೇಲೆ ಜೆಲ್ ತೆಗೆದುಬಿಡುತ್ತೇನೆ, ಮೊದಲ ಮುಂಗಾರು ಮಳೆ ಬಿದ್ದ ವಾರ ಮತ್ತೆ ಹಾಕುತ್ತೇನೆ. ಡಬ್ಬಿಯೊಳಗೆ 40ರಿಂದ 55ರ ನಡುವೆ ಇದ್ದರೆ ನೆಮ್ಮದಿಯಾಗಿ ಮುಚ್ಚುತ್ತೇನೆ.

ಜೆಲ್ ಕೊಳ್ಳುವಾಗ ಬಣ್ಣ ಬದಲಾಗುವುದನ್ನೇ ಕೊಳ್ಳಿ, ಅದರಲ್ಲೂ ಕಿತ್ತಳೆ ಬಣ್ಣದ್ದು. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ಆರೋಗ್ಯಕ್ಕೆ ಒಳ್ಳೆಯದಲ್ಲ. ಮಕ್ಕಳಿರುವ ಮನೆಯಲ್ಲಂತೂ ಬೇಡ. ನೀರು ಹೀರಿ ಬಣ್ಣ ತಿರುಗಿದ ಜೆಲ್ಲನ್ನು ಎಸೆಯಬೇಕಾಗಿಲ್ಲ. ನಾನು ಅದಕ್ಕೆಂದೇ ಒಂದು ಹಳೆಯ ಬಾಣಲೆ ಇಟ್ಟಿದ್ದೇನೆ. ಕಿಟಕಿ ತೆರೆದಿಟ್ಟು, ಸಣ್ಣ ಉರಿಯಲ್ಲಿ ರವೆ ಹುರಿದಂತೆ ಕೈಯಾಡಿಸುತ್ತ ಇರುತ್ತೇನೆ. ಅರ್ಧ ಗಂಟೆಯಲ್ಲಿ ಕಾಳುಗಳು ಒಂದೊಂದಾಗಿ ಮೊದಲಿನ ಬಣ್ಣಕ್ಕೆ ಬರುತ್ತವೆ. ಉರಿ ಹೆಚ್ಚಾದರೆ ಕಪ್ಪಾಗಿ ಹಾಳಾಗುತ್ತವೆ. ಆ ಬಾಣಲೆಯಲ್ಲಿ ಮತ್ತೆ ಅಡುಗೆ ಮಾಡಬೇಡಿ. ಒದ್ದೆಯಾದ ವಾಚನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಡುವ ಪದ್ಧತಿ ನಮ್ಮಲ್ಲಿದೆ. ಅಕ್ಕಿ ಹೀರುವುದು ಅತ್ಯಲ್ಪ, ಅದರ ಹಿಟ್ಟಿನಂತಹ ಧೂಳು ಮಾತ್ರ ಸಂದುಗಳಲ್ಲಿ ಸೇರುತ್ತದೆ. ನೀರು ಹೋದ ವಾಚು ಅದೇ ದಿನ ರಿಪೇರಿಯವರ ಕೈ ಸೇರಬೇಕು.

ಡಬ್ಬಿಗಳಿರುವುದು ಒಳಗೋಡೆಯ ಕಪಾಟಿನ ನಡುವಿನ ಅರೆಯಲ್ಲಿ. ಮಳೆ ಹೊಡೆಯುವ ಪಡುವಣ ಗೋಡೆ ಬೇಡ, ತಾರಸಿಯ ಕೆಳಗಿನ ಅಟ್ಟ ಕುದಿಯುತ್ತದೆ, ಅದೂ ಬೇಡ.

ತಿಂಗಳ ಮೊದಲ ಭಾನುವಾರ ಎಲ್ಲ ಕೀಲಿ ವಾಚುಗಳಿಗೂ ಕೀಲಿ ಕೊಡುತ್ತೇನೆ. ಇದರಿಂದ ಎಣ್ಣೆ ಒಣಗುವುದಿಲ್ಲ ಎಂದು ಹೇಳುವವರಿದ್ದಾರೆ. ನಾನು ಅದನ್ನು ಪೂರ್ತಿ ನಂಬುವುದಿಲ್ಲ. ಒಣಗಿದ ಎಣ್ಣೆ ಕೀಲಿ ಕೊಟ್ಟರೆ ಮರಳಿ ಬರುವುದಿಲ್ಲ, ಬದಲಿಗೆ ಒಣ ಹಲ್ಲುಗಳು ಉಜ್ಜಿ ಸವೆಯುತ್ತವೆ. ನಾನು ಕೀಲಿ ಕೊಡುವುದು ಅವುಗಳ ಆರೋಗ್ಯ ತಿಳಿಯಲು. ಗುಂಡಿ ತಿರುಗಿಸುವಾಗ ಬೆರಳಿಗೆ ಸಿಗುವ ಸಣ್ಣ ಕರಕರ, ಮುಂಚೆ ಇಲ್ಲದ ಬಿಗಿ, ದಿನಕ್ಕೆ ಎಷ್ಟು ಹಿಂದೆ ಮುಂದೆ ಓಡಿತು, ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ನಾಲ್ಕೈದು ವರ್ಷಕ್ಕೊಮ್ಮೆ ಸರದಿಯಂತೆ ಸರ್ವಿಸ್ ಮಾಡಿಸುತ್ತೇನೆ. ಸೆಲ್ಲಿನ ವಾಚುಗಳದ್ದು ಬೇರೆ ಲೆಕ್ಕ. ಮುಗಿದ ಸೆಲ್ ಒಳಗೇ ಇದ್ದರೆ ಸೋರಿ ಇಡೀ ಮೆಷಿನ್ನನ್ನು ತಿನ್ನುತ್ತದೆ. ತಿಂಗಳುಗಟ್ಟಲೆ ಕಟ್ಟದ ವಾಚಿನ ಸೆಲ್ಲನ್ನು ನಾನು ತೆಗೆಸಿಯೇ ಇಡುತ್ತೇನೆ.

ಕಳ್ಳತನದ ಭಯ ಎಲ್ಲರಿಗೂ ಇದೆ. ಪ್ರತಿ ವಾಚಿನ ಮುಂದೆ, ಹಿಂದೆ, ಹಿಂಬದಿಯ ಸಂಖ್ಯೆ ಕಾಣುವಂತೆ ಮೂರು ಫೋಟೊ ತೆಗೆದು, ಒಂದು ಪ್ರತಿಯನ್ನು ಶಿವಮೊಗ್ಗದಲ್ಲಿರುವ ತಂಗಿಯ ಬಳಿ ಇಟ್ಟಿದ್ದೇನೆ. ಪೊಲೀಸರಿಗಾಗಲಿ ವಿಮೆಯವರಿಗಾಗಲಿ ತೋರಿಸಲು ಅದಿಲ್ಲದೆ ಬೇರೇನೂ ಇರುವುದಿಲ್ಲ. ಮೂರು ವಾಚುಗಳು ಬ್ಯಾಂಕಿನ ಲಾಕರಿನಲ್ಲಿವೆ. ಲಾಕರಿನಲ್ಲಿಟ್ಟದ್ದಕ್ಕೆ ಬ್ಯಾಂಕು ಪೂರ್ತಿ ಹೊಣೆ ಎಂದು ಅನೇಕರು ತಿಳಿದಿದ್ದಾರೆ. 2022ರ ಜನವರಿಯಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಬೆಂಕಿ, ಕಳವು, ಕಟ್ಟಡ ಕುಸಿತ, ಸಿಬ್ಬಂದಿಯ ಮೋಸ ಇಂಥವುಗಳಿಗೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ 100 ಪಟ್ಟಿನವರೆಗೆ ಮಾತ್ರ. ಬಾಡಿಗೆ 2,000 ರೂಪಾಯಿ ಎಂದರೆ ಎರಡು ಲಕ್ಷ. ಲಾಕರಿನ ಕೋಣೆಗೆ ಗಾಳಿಯಾಡುವುದು ಕಡಿಮೆ, ಅಲ್ಲಿಗೂ ಜೆಲ್ ಸಮೇತ ಡಬ್ಬಿಯೇ ಹೋಗಬೇಕು.

ಇನ್ನು ಪ್ರಯಾಣ. ಇಲ್ಲಿ ನನಗೆ ಆದ ಅನುಭವವನ್ನು ಬಿಡಿಸಿ ಹೇಳಬೇಕು.

ಬೆಂಗಳೂರಿನಲ್ಲಿ ಮದುವೆಯೊಂದಿತ್ತು. ಕೈಯಲ್ಲೊಂದು ವಾಚು, ಧಾರೆಯ ಹೊತ್ತಿಗೆ ಕಟ್ಟಲೆಂದು ಇನ್ನೊಂದು. ಎರಡನೆಯದು ಎಚ್‌ಎಂಟಿ ಪೈಲಟ್, ಕಪ್ಪು ಡಯಲಿನದು. ಅದಕ್ಕೆ ಗಟ್ಟಿಯಾದ ಕನ್ನಡಕದ ಡಬ್ಬಿಗಿಂತ ಒಳ್ಳೆಯ ಗೂಡು ಇಲ್ಲವೆಂದು ಬಟ್ಟೆ ಸುತ್ತಿ ಇಟ್ಟೆ. ಹಿಂದಿರುಗಿದ ಮೇಲೆ ನೋಡಿದರೆ ಅದು ದಿನಕ್ಕೆ 14 ನಿಮಿಷ ಮುಂದೆ ಓಡುತ್ತಿದೆ! ಬಿದ್ದಿಲ್ಲ, ನೀರು ತಾಗಿಲ್ಲ. ಎರಡು ದಿನ ತಲೆ ಕೆಡಿಸಿಕೊಂಡು, ಕೊನೆಗೆ ಶಾಲೆಯ ಪ್ರಯೋಗಾಲಯದ ದಿಕ್ಸೂಚಿಯನ್ನು ಹತ್ತಿರ ಹಿಡಿದೆ. ಸೂಜಿ ವಾಚಿನ ಕಡೆಗೆ ತಟ್ಟನೆ ತಿರುಗಿತು. ಕನ್ನಡಕದ ಡಬ್ಬಿ ಟಪ್ಪೆಂದು ಮುಚ್ಚಿಕೊಳ್ಳಲು ಅದರ ಅಂಚಿನಲ್ಲಿ ಅಯಸ್ಕಾಂತವಿತ್ತು. ವಾಚಿನೊಳಗೆ ಕೂದಲೆಳೆಯಂತಹ ಒಂದು ಸ್ಪ್ರಿಂಗ್ ಇರುತ್ತದೆ, ಅದರ ಉಸಿರಾಟವೇ ಸಮಯ. ಅಯಸ್ಕಾಂತ ತಾಗಿದರೆ ಅದರ ಸುರುಳಿಗಳು ಒಂದಕ್ಕೊಂದು ಅಂಟಿ ಸ್ಪ್ರಿಂಗ್ ಗಿಡ್ಡವಾದಂತೆ ಆಗುತ್ತದೆ, ವಾಚು ಓಟ ಹೆಚ್ಚಿಸುತ್ತದೆ. ರಿಪೇರಿಯವರು ಅಯಸ್ಕಾಂತದ ಗುಣ ತೆಗೆಯುವ ತಮ್ಮ ಯಂತ್ರದ ಮೇಲೆ ಅದನ್ನಿಟ್ಟು ಗುಂಡಿ ಒತ್ತಿ ನಿಧಾನವಾಗಿ ಮೇಲೆತ್ತಿದರು, ಅಷ್ಟೇ, ಸರಿಹೋಯಿತು. ಆದರೆ ಗೊತ್ತಿಲ್ಲದವರ ಕೈಗೆ ಕೊಟ್ಟಿದ್ದರೆ ಮೆಷಿನ್ನನ್ನೇ ಬಿಚ್ಚಿಬಿಡುತ್ತಿದ್ದರು. ಆ ದಿನದಿಂದ ಯಾವುದೇ ಡಬ್ಬಿ, ಪರ್ಸು, ಚೀಲವನ್ನು ಬಳಸುವ ಮುಂಚೆ ದಿಕ್ಸೂಚಿ ಹಿಡಿದು ನೋಡುತ್ತೇನೆ. ಮೊಬೈಲಿನ ಸ್ಪೀಕರ್, ಲ್ಯಾಪ್‌ಟಾಪಿನ ಮುಚ್ಚಳ, ಹೆಂಗಸರ ಕೈಚೀಲದ ಗುಂಡಿ, ಇವೆಲ್ಲದರಲ್ಲೂ ಅಯಸ್ಕಾಂತವಿದೆ. ರೈಲಿನಲ್ಲಿ ರಾತ್ರಿ ತಲೆದಿಂಬಿನ ಕೆಳಗೆ ಮೊಬೈಲನ್ನೂ ವಾಚನ್ನೂ ಒಟ್ಟಿಗೆ ಇಡುವವರಿಗೆ ಇದನ್ನು ಮುಖ್ಯವಾಗಿ ಹೇಳಬೇಕು.

ಈಗ ಊರಿಗೆ ಹೋಗುವಾಗ ಎರಡಕ್ಕಿಂತ ಹೆಚ್ಚು ಒಯ್ಯುವುದಿಲ್ಲ. ಒಂದು ಕೈಯಲ್ಲಿ, ಇನ್ನೊಂದು ಪಂಚೆಬಟ್ಟೆಯ ಸುರುಳಿಚೀಲದಲ್ಲಿ, ಆ ಚೀಲ ನನ್ನ ಹೆಗಲಚೀಲದ ಒಳಜೇಬಿನಲ್ಲಿ. ಸೀಟಿನ ಕೆಳಗಿನ ಪೆಟ್ಟಿಗೆಗೆ ಎಂದೂ ಹಾಕುವುದಿಲ್ಲ. ಕಲ್ಯಾಣ ಮಂಟಪದ ಕೋಣೆಗೆ ಹತ್ತು ಜನರ ಬಳಿ ಬೀಗದಕೈ ಇರುತ್ತದೆ, ಅಲ್ಲಿ ಏನನ್ನೂ ಬಿಟ್ಟು ಹೋಗುವುದಿಲ್ಲ. ವಿಮಾನದಲ್ಲೂ ಕೈಚೀಲವೇ. ತಪಾಸಣೆಯ ಎಕ್ಸ್-ರೇಯಿಂದ ವಾಚಿಗೆ ಏನೂ ಆಗುವುದಿಲ್ಲ, ಆದರೆ ತೆರೆದ ಟ್ರೇಯಲ್ಲಿ ಬಿಡದೆ ಚೀಲದೊಳಗೆ ಹಾಕಿ ಕಳಿಸಿ. ಬೆಲೆಬಾಳುವ ವಾಚು ಕಟ್ಟಿಕೊಂಡು ವಿದೇಶಕ್ಕೆ ಹೋಗುವವರು ಹೊರಡುವಾಗಲೇ ವಿಮಾನ ನಿಲ್ದಾಣದ ಕಸ್ಟಮ್ಸ್ ಕಚೇರಿಯಲ್ಲಿ ರಫ್ತು ಪ್ರಮಾಣಪತ್ರ ಮಾಡಿಸಿಕೊಳ್ಳಬೇಕು. ಮರಳುವಾಗ ಅದು ನಿಮ್ಮದೇ ಹಳೆಯ ವಸ್ತು ಎನ್ನಲು ಅದೇ ಆಧಾರ.

ಚಿತ್ರದುರ್ಗದ ಕೋಟೆಗೆ ಹೋಗುವ ದಿನ ಮಾತ್ರ ನಾನು ಹಳೆಯ ವಾಚು ಕಟ್ಟುವುದಿಲ್ಲ. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಿದ್ದಾಗ ಒನಕೆ ಓಬವ್ವನ ಕಿಂಡಿಯಲ್ಲಿ ಮೈ ಓರೆ ಮಾಡಿ ತೂರುವಾಗ ಎಡಗೈ ಬಂಡೆಗೆ ಉಜ್ಜಿತು. ಗಾಜಿನ ಮೇಲೆ ಹನ್ನೆರಡರಿಂದ ನಾಲ್ಕರವರೆಗೆ ಒಂದೇ ಬಿಳಿ ಗೀರು. ಅದು ಪ್ಲಾಸ್ಟಿಕ್ ಗಾಜಾದ್ದರಿಂದ ಹತ್ತಿಬಟ್ಟೆಗೆ ಬಿಳಿ ಟೂತ್‌ಪೇಸ್ಟ್ ಹಚ್ಚಿ, ಹದಿನೈದು ನಿಮಿಷ ಸುತ್ತಸುತ್ತ ಉಜ್ಜಿದ ಮೇಲೆ ಮುಕ್ಕಾಲು ಪಾಲು ಹೋಯಿತು. ಉಳಿದ ಕಾಲು ಪಾಲನ್ನು ಹಾಗೆಯೇ ಬಿಟ್ಟಿದ್ದೇನೆ. ಇನ್ನೂ ಉಜ್ಜಿದರೆ ಗಾಜು ತೆಳುವಾಗುತ್ತದೆ.

ಅಪ್ಪನ ಜನತಾ ಈಗ ಓಡುತ್ತಿದೆ. ಕಿಲುಬು ತಿಂದ ಕುಳಿಗಳು ಮೂಲೆಗಳಲ್ಲಿ ಉಳಿದಿವೆ, ಮತ್ತೆ ಲೇಪ ಮಾಡಿಸಲು ನನಗೆ ಮನಸ್ಸಾಗಿಲ್ಲ. ಅವ್ವ ಒಂದೊಂದು ಭಾನುವಾರ ಪಕ್ಕದಲ್ಲಿ ಕೂತು, ನಾನು ಕೀಲಿ ಕೊಟ್ಟ ಮೇಲೆ ಅದನ್ನು ಕಿವಿಯ ಹತ್ತಿರ ಹಿಡಿದುಕೊಳ್ಳುತ್ತಾಳೆ. ಕಳೆದ ಭಾನುವಾರ ನೋಟ್‌ಬುಕ್ಕಿನಲ್ಲಿ ಅದರ ಸಾಲಿಗೆ ಬರೆದದ್ದು ಇಷ್ಟು: ದಿನಕ್ಕೆ 2 ನಿಮಿಷ ಹಿಂದೆ, ಗುಂಡಿ ಸ್ವಲ್ಪ ಬಿಗಿ, ಮಳೆ ನಿಂತ ಮೇಲೆ ಮಂಡಿಪೇಟೆಗೆ ಕೊಡಬೇಕು.