ಜರ್ಸಿ ನಂಬರ್ ಬದಲಿಸಿದೆವು, ಡಿಸೆಂಬರ್ ಮಕ್ಕಳು ಟೀಮಿನಲ್ಲಿ ಉಳಿದರು

ಅಂಡರ್-13 ಫುಟ್‌ಬಾಲ್ ಟ್ರಯಲ್ಸ್ ಮುಗಿದು ಲಿಸ್ಟ್ ಹಾಕಿದ ಮೇಲೆ ಹುಟ್ಟಿದ ತಿಂಗಳ ಕಾಲಂ ಒಮ್ಮೆ ಸಾರ್ಟ್ ಮಾಡಿ ನೋಡಿ. ಜನವರಿಯಿಂದ ಮಾರ್ಚ್‌ವರೆಗೆ ಹುಟ್ಟಿದವರು ಗುಂಪಾಗಿ ಮೇಲೆ ಕೂತಿರುತ್ತಾರೆ, ಅಕ್ಟೋಬರ್ ದಾಟಿದವರು ಬೆರಳೆಣಿಕೆ. ಬೆಂಗಳೂರಿನ ನಮ್ಮ ಅಕಾಡೆಮಿಯಲ್ಲೂ ಹೀಗೇ ಇತ್ತು. ನೂರರ ಆಸುಪಾಸು ಮಕ್ಕಳು ಬಂದು 24 ಜನ ಆಯ್ಕೆಯಾದರೆ, ಹೆಚ್ಚುಕಡಿಮೆ ಅರ್ಧದಷ್ಟು ವರ್ಷದ ಮೊದಲ ಮೂರು ತಿಂಗಳವರು. ಕೊನೆಯ ಮೂರು ತಿಂಗಳವರು ಎರಡೋ ಮೂರೋ. ವಯಸ್ಸಿನ ಕ್ರಮದಲ್ಲಿ ಜರ್ಸಿ ನಂಬರ್ ಕೊಡಲು ಶುರುಮಾಡಿದ ಮೇಲೆ ಈಗ ಅದು ಐದಾರಕ್ಕೆ ಬಂದಿದೆ, ಟೀಮಿನ ಆಟವೂ ಕುಗ್ಗಿಲ್ಲ. "ಇದೆಲ್ಲ ಯುರೋಪಿನವರಿಗೆ ಸರಿ, ನಮ್ಮ ಗ್ರೌಂಡಲ್ಲಿ ನಡೆಯಲ್ಲ" ಎನ್ನುತ್ತಿದ್ದ ಕೋಚ್‌ಗಳೇ ಈಗ ಎಕ್ಸೆಲ್ ಶೀಟ್ ಕೇಳುತ್ತಿದ್ದಾರೆ. ಶೀಟ್ ಒಂದನ್ನೇ ಕೊಟ್ಟರೆ ಉಪಯೋಗವಿಲ್ಲ, ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ.

ವಯಸ್ಸಿನ ಗುಂಪಿನ ಲೆಕ್ಕ ಶುರುವಾಗುವ ದಿನಾಂಕ, ಅಂದರೆ ಕಟ್‌ಆಫ್, ಜನವರಿ 1. ಫಿಫಾ ಹೇಳುವುದೂ ಅದೇ, ಭಾರತದ ಫುಟ್‌ಬಾಲ್ ಒಕ್ಕೂಟ ಎಐಎಫ್‌ಎಫ್ ಪಾಲಿಸುವುದೂ ಅದೇ. ನಮ್ಮ ತೊಂದರೆ ಇನ್ನೂ ಒಂದು ಕೈ ಮೇಲೆ. ನಾವು ಆಡುವ ಲೀಗ್‌ಗಳು ಅಂಡರ್ 13, 15, 17 ಎಂದು ಎರಡೆರಡು ವರ್ಷಕ್ಕೊಂದು ಗುಂಪು. ಹಿರಿಯ ವರ್ಷದ ಜನವರಿ ಹುಡುಗನಿಗೂ ಕಿರಿಯ ವರ್ಷದ ಡಿಸೆಂಬರ್ ಹುಡುಗನಿಗೂ 23 ತಿಂಗಳ ಅಂತರ. ಹನ್ನೆರಡರ ವಯಸ್ಸಿನಲ್ಲಿ ಅದು ಹತ್ತು ಹನ್ನೆರಡು ಸೆಂಟಿಮೀಟರ್ ಎತ್ತರ, ಹತ್ತು ಕೆ.ಜಿ. ತೂಕ. ಇಬ್ಬರನ್ನೂ ಒಂದೇ ಆಟದಲ್ಲಿ ಬಿಟ್ಟು "ಯಾರು ಚೆನ್ನಾಗಿ ಆಡ್ತಾರೆ" ಎಂದು ನೋಡಿದರೆ ಕಣ್ಣಿಗೆ ಬೀಳುವವನು ದೊಡ್ಡವನೇ. ಹಾಗಾಗಿ ಮೊದಲ ಕೆಲಸ, ಎರಡು ವರ್ಷಗಳ ಟ್ರಯಲ್ಸ್ ಬೇರೆ ಬೇರೆ ದಿನ ಮಾಡಿ, ಕಿರಿಯ ವರ್ಷಕ್ಕೆ ಇಷ್ಟು ಸೀಟು ಎಂದು ಮೊದಲೇ ನಿಗದಿಪಡಿಸುವುದು. ನಾವು 24ರಲ್ಲಿ 10 ಇಡುತ್ತೇವೆ. ಎಂಟಕ್ಕಿಂತ ಕಡಿಮೆ ಇಟ್ಟರೆ ಮುಂದಿನ ವರ್ಷ ಟೀಮನ್ನು ಮತ್ತೆ ಸೊನ್ನೆಯಿಂದ ಕಟ್ಟಬೇಕಾಗುತ್ತದೆ.

ಇನ್ನು ನಂಬರ್ ವಿಷಯ. ನೋಡುವ ಕೋಚ್‌ಗಳ ಕೈಗೆ ಜನ್ಮದಿನಾಂಕದ ಪಟ್ಟಿ ಕೊಟ್ಟರೆ ಸಾಕು ಎಂದು ಅನೇಕರು ಅಂದುಕೊಳ್ಳುತ್ತಾರೆ. ಸಾಲದು. ಆಟ ಓಡುತ್ತಿರುವಾಗ ಯಾರೂ ಪಟ್ಟಿ ನೋಡುವುದಿಲ್ಲ. ನೆದರ್ಲೆಂಡ್ಸಿನಲ್ಲಿ ಸ್ಕೌಟ್‌ಗಳ (ಪ್ರತಿಭೆ ಹುಡುಕುವವರ) ಮೇಲೆ ಮಾಡಿ 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಇದೇ ಕಂಡದ್ದು: ದಿನಾಂಕ ಗೊತ್ತಿದ್ದರೂ ಪಕ್ಷಪಾತ ಉಳಿಯಿತು, ಜರ್ಸಿ ನಂಬರನ್ನೇ ವಯಸ್ಸಿನ ಕ್ರಮದಲ್ಲಿ ಕೊಟ್ಟು ಅದನ್ನು ಸ್ಕೌಟ್‌ಗಳಿಗೆ ತಿಳಿಸಿದಾಗ ಹೋಯಿತು.

ಮಾಡುವ ಕ್ರಮ ಹೀಗೆ. ಟ್ರಯಲ್ಸ್ ದಿನಾಂಕದಿಂದ ಜನ್ಮದಿನಾಂಕ ಕಳೆದು 365.25ರಿಂದ ಭಾಗಿಸಿ, ದಶಮಾಂಶದಲ್ಲಿ ವಯಸ್ಸು ತೆಗೆದು ಸಾರ್ಟ್ ಮಾಡಿ. ಅತಿ ಹಿರಿಯ ಮಗುವಿಗೆ 1, ನಂತರದವನಿಗೆ 2, ಹೀಗೆ ಕೊನೆಯವರೆಗೆ. ಬೆಸ ಸಂಖ್ಯೆಗಳಿಗೆ ಕಿತ್ತಳೆ ಬಿಬ್ (ಜರ್ಸಿಯ ಮೇಲೆ ಹಾಕುವ ತೋಳಿಲ್ಲದ ಅಂಗಿ), ಸಮ ಸಂಖ್ಯೆಗಳಿಗೆ ಹಸಿರು. ಮೊದಲ ಪಂದ್ಯ 1ರಿಂದ 16, ಬೆಸ ಒಂದು ಟೀಮು, ಸಮ ಇನ್ನೊಂದು, ಎಂಟೆಂಟು ಜನ. ಮುಂದಿನದು 17ರಿಂದ 32. ಎದುರುಬದುರು ಆಡುವವರ ನಡುವೆ ಹೆಚ್ಚೆಂದರೆ ಕೆಲವು ತಿಂಗಳ ಅಂತರವಷ್ಟೇ ಇರುತ್ತದೆ. ಬಣ್ಣವನ್ನು ವಯಸ್ಸಿನ ಗುಂಪಿಗೆ ಕಟ್ಟಲು ಹೋಗಬೇಡಿ. ಒಂದೇ ವಯಸ್ಸಿನ ಹದಿನಾರು ಜನ ಒಂದೇ ಬಣ್ಣದಲ್ಲಿ ಎದುರಾಳಿಗಳಾಗಿ ನಿಂತರೆ ಪಾಸ್ ಯಾರಿಗೆ ಕೊಡಬೇಕೆಂದು ಯಾರಿಗೂ ತಿಳಿಯದು.

ಸ್ಟಿಕ್ಕರ್ ನಂಬರ್ ಅಂಟಿಸಿದರೆ ಹತ್ತು ನಿಮಿಷದ ಬೆವರಿಗೆ ಉದುರುತ್ತದೆ. ಮಾರ್ಕರ್‌ನಲ್ಲಿ ಬರೆದ ಪೇಪರ್ ಟೇಪ್ ಒಂದು ಪಂದ್ಯಕ್ಕೆ ತಡೆಯುತ್ತದೆ. ಕೊನೆಗೆ ಪ್ರಿಂಟ್ ಹಾಕಿಸಿದ ಬಿಬ್ಬೇ ಗತಿ. ಬಿಬ್‌ಗೆ ನೂರಿಪ್ಪತ್ತೋ ನೂರಮೂವತ್ತೋ, ಪ್ರಿಂಟ್‌ಗೆ ಮೂವತ್ತರ ಸುಮಾರು. ನೂರಕ್ಕೆ ಹದಿನೈದು ಸಾವಿರದ ಆಸುಪಾಸು ಬಿತ್ತು. ಅಂಗಡಿಯಲ್ಲಿ ಸಿಗುವ ರೆಡಿ ಸೆಟ್ ಚಿಕ್ಕ ನಂಬರ್‌ಗಳಲ್ಲೇ ಮುಗಿಯುತ್ತದೆ, ಆರ್ಡರ್ ಕೊಟ್ಟೇ ಮಾಡಿಸಬೇಕು. ನಾಲ್ಕೈದು ಖಾಲಿ ಬಿಬ್ ಹೆಚ್ಚಿಗೆ ಇರಲಿ, ಕಳೆದುಹೋಗುವುದು ಖಂಡಿತ.

ಅಂಕ ಹಾಕುವಾಗ ಒಂದು ತಪ್ಪು ಬಹಳ ಬೇಗ ನುಸುಳುತ್ತದೆ. ನಂಬರ್ ದೊಡ್ಡದಿದೆ, ಪಾಪ ಚಿಕ್ಕವನು ಎಂದು ಕೋಚ್ ಎರಡು ಅಂಕ ಹೆಚ್ಚಿಗೆ ಕೊಡುತ್ತಾನೆ. ಅದು ಬೇಡ. ಪ್ರತಿ ಮಗುವನ್ನೂ ತನ್ನ ನಂಬರಿನ ಹಿಂದಿನ ಐವರು, ಮುಂದಿನ ಐವರ ಜೊತೆ ಮಾತ್ರ ಹೋಲಿಸಬೇಕು. ವಿನಾಯಿತಿ ಇಲ್ಲ, ಹೋಲಿಕೆಯ ಅಳತೆಗೋಲು ಮಾತ್ರ ಬೇರೆ. ಪ್ರತಿ ಹದಿನಾರರಿಂದ ನಾಲ್ವರು ಎರಡನೇ ಸುತ್ತಿಗೆ, ಉಳಿದ ಜಾಗಕ್ಕೆ ಕೋಚ್‌ಗಳ ಒಟ್ಟು ಅಭಿಪ್ರಾಯ. ಎರಡನೇ ಸುತ್ತಿನಲ್ಲಿ ಆಟದ ಒಂದು ನಿಯಮ ಬದಲಿಸುತ್ತೇವೆ, ಮೈಬಲದ ಲಾಭ ಅಲ್ಲಿ ಅರ್ಧಕ್ಕೆ ಇಳಿಯುತ್ತದೆ. ಆ ನಿಯಮ ಯಾವುದೆಂದು ಇಲ್ಲಿ ಬರೆಯುವುದಿಲ್ಲ; ಮುಂದಿನ ಟ್ರಯಲ್ಸ್‌ಗೆ ಎಲ್ಲರೂ ಅಭ್ಯಾಸ ಮಾಡಿಕೊಂಡು ಬಂದರೆ ಕೆಲಸ ಕೆಡುತ್ತದೆ.

ನಂಬರ್ ಪದ್ಧತಿ ಹಿಡಿಯಲಾರದ್ದು ಬೆಳವಣಿಗೆಯ ವೇಗ. ಡಿಸೆಂಬರಿನಲ್ಲಿ ಹುಟ್ಟಿಯೂ ಹನ್ನೆರಡಕ್ಕೇ ಮೀಸೆ ಚಿಗುರಿದ ಹುಡುಗ ಇರುತ್ತಾನೆ, ಜನವರಿಯಲ್ಲಿ ಹುಟ್ಟಿಯೂ ಹದಿನಾಲ್ಕರವರೆಗೆ ಬೆಳೆಯದವನೂ ಇರುತ್ತಾನೆ. ಮೊದಲನೆಯವನಿಗೆ ಎರಡು ಕಡೆಯ ಲಾಭ, ಎರಡನೆಯವನನ್ನು ಯಾರೂ ಕೇಳುವುದಿಲ್ಲ. ಬೆಲ್ಜಿಯಂ ಇಂಥ ತಡವಾಗಿ ಬೆಳೆಯುವ ಮಕ್ಕಳಿಗೇ ಬೇರೆ ರಾಷ್ಟ್ರೀಯ ತಂಡ ಕಟ್ಟಿದೆ. ನಮ್ಮ ಕೈಯಲ್ಲಾಗುವುದು ಖಾಮಿಸ್-ರೋಶ್ ಲೆಕ್ಕ: ಮಗುವಿನ ಎತ್ತರ, ತೂಕ, ವಯಸ್ಸು, ತಂದೆತಾಯಿಯ ಎತ್ತರ ಹಾಕಿದರೆ ದೊಡ್ಡವನಾದಾಗಿನ ಎತ್ತರದ ಅಂದಾಜು ಬರುತ್ತದೆ, ಈಗಿನ ಎತ್ತರ ಅದರ ಶೇಕಡಾ ಎಷ್ಟು ಎಂದು ನೋಡುವುದು. ಎಕ್ಸ್‌ರೇ ಬೇಡ, ಖರ್ಚಿಲ್ಲ.

ಎಡವುವ ಜಾಗಗಳು ಇಲ್ಲೇ ಹೆಚ್ಚು. ಈ ಲೆಕ್ಕದ ಗುಣಕಗಳು (ಅಳತೆಗಳನ್ನು ಗುಣಿಸುವ ಸಂಖ್ಯೆಗಳು) ಇಂಚು ಮತ್ತು ಪೌಂಡಿನಲ್ಲಿವೆ, ಸೆಂಟಿಮೀಟರ್ ಹಾಕಿದರೆ ಉತ್ತರ ಹುಚ್ಚಾಪಟ್ಟೆ ಬರುತ್ತದೆ. 1994ರಲ್ಲಿ ಅಚ್ಚಾದ ಗುಣಕಗಳ ಕೋಷ್ಟಕಕ್ಕೆ 1995ರಲ್ಲಿ ತಿದ್ದುಪಡಿ ಬಂದಿದೆ, ತಿದ್ದಿದ್ದನ್ನೇ ಬಳಸಿ. ಅಪ್ಪಂದಿರು ಬಾಯಲ್ಲಿ ಹೇಳುವ ಎತ್ತರ ನಂಬಬೇಡಿ, ಒಂದಿಂಚು ಸೇರಿರುತ್ತದೆ. ಶೂ ಬಿಚ್ಚಿಸಿ ಗೋಡೆಗೆ ನಿಲ್ಲಿಸಿ ಅಳೆಯಿರಿ. ಮಕ್ಕಳ ಎತ್ತರ ಬೆಳಿಗ್ಗೆಗಿಂತ ಸಂಜೆಗೆ ಸೆಂಟಿಮೀಟರಿನಷ್ಟು ಕಡಿಮೆ ಬರುತ್ತದೆ, ಸದಾ ಒಂದೇ ಹೊತ್ತಿನಲ್ಲಿ ಅಳೆಯಬೇಕು. ಎಲ್ಲಕ್ಕಿಂತ ದೊಡ್ಡದು, ಈ ಲೆಕ್ಕ ಹುಟ್ಟಿದ್ದು ಅಮೆರಿಕದ ಬಿಳಿಯ ಮಕ್ಕಳ ಅಳತೆಗಳಿಂದ. "ನಿಮ್ಮ ಮಗ ಇಷ್ಟು ಎತ್ತರ ಬೆಳೀತಾನೆ" ಎಂದು ಯಾವ ಪೋಷಕರಿಗೂ ಹೇಳಬಾರದು. ನಮ್ಮ ಮಕ್ಕಳನ್ನು ತಮ್ಮತಮ್ಮಲ್ಲಿ ಸಾಲಾಗಿ ನಿಲ್ಲಿಸಲು ಮಾತ್ರ ಅದು ಸಾಕು.

ಆ ಶೇಕಡಾ ಹಿಡಿದು ತಿಂಗಳಿಗೊಂದು ಭಾನುವಾರ ಬ್ಯಾಂಡ್ ಪಂದ್ಯ, ಅಂದರೆ ಶೇಕಡಾ ಗುಂಪಿನ ಪ್ರಕಾರ ಆಟ: 85ಕ್ಕಿಂತ ಕೆಳಗಿನವರು, 85ರಿಂದ 90, 90ರ ಮೇಲಿನವರು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಅಕಾಡೆಮಿಗಳು 85–90ರ ಬ್ಯಾಂಡಿನಲ್ಲಿ ಟೂರ್ನಿಯನ್ನೇ ನಡೆಸಿವೆ. ಇಲ್ಲಿ ಮೊದಲು ಗಲಾಟೆ ಮಾಡುವವರು ಬೇಗ ಬೆಳೆದ ಮಕ್ಕಳ ಪೋಷಕರು, ಮಗ ದೊಡ್ಡವರ ಜೊತೆ ಆಡಿ ಒದೆ ತಿನ್ನುತ್ತಾನೆ ಎಂದು. ಆದರೆ ಆ ಮಕ್ಕಳಿಗೇ ಇದರ ಲಾಭ ಹೆಚ್ಚು. ಓಟದ ಬಲದಲ್ಲೇ ಎಲ್ಲರನ್ನೂ ದಾಟುತ್ತಿದ್ದವನು ಇಲ್ಲಿ ತಲೆ ಎತ್ತಿ ಪಾಸ್ ಹುಡುಕಲೇಬೇಕು. ಅಂಡರ್-15ಕ್ಕೆ ಬಂದಾಗ ಉಳಿದವರೂ ಬೆಳೆದು ನಿಲ್ಲುತ್ತಾರೆ, ಆಗ ಕಂಗೆಡುವವನು ಇವನೇ. ಇದನ್ನು ಪೋಷಕರಿಗೆ ಬಾಯಲ್ಲಿ ಹೇಳಿದರೆ ನಂಬುವುದಿಲ್ಲ, ವೀಡಿಯೊ ತೋರಿಸಿ.

ಅಳತೆಯಿಂದ ಇನ್ನೊಂದು ಪ್ರಯೋಜನ. ಮೂರು ತಿಂಗಳಲ್ಲಿ ಎರಡು ಸೆಂಟಿಮೀಟರ್ ದಾಟಿ ಬೆಳೆದ ಹುಡುಗನಿಗೆ ಮೊಣಕಾಲ ಕೆಳಗೋ ಹಿಮ್ಮಡಿಯಲ್ಲೋ ನೋವು ಶುರುವಾಗುವ ಕಾಲ ಅದು. ಜಿಗಿತ, ಸ್ಪ್ರಿಂಟ್ ಅರ್ಧಕ್ಕೆ ಇಳಿಸಿ ಪಾಸಿಂಗ್‌ಗೆ ಹಾಕುತ್ತೇವೆ.

ಹಣದ ಮಾತು. ಗೋಡೆಯ ಅಳತೆಪಟ್ಟಿ ಮತ್ತು ಡಿಜಿಟಲ್ ತೂಕದ ಯಂತ್ರ ಎರಡೂ ಸೇರಿ ಎರಡು ಸಾವಿರದೊಳಗೆ. ನಿಜವಾದ ಖರ್ಚು ಟರ್ಫ್. ಗಂಟೆಗೆ ಸಾವಿರದ ಎಂಟುನೂರರ ಲೆಕ್ಕದಲ್ಲಿ ಟ್ರಯಲ್ಸ್ ಒಂದು ದಿನದ ಬದಲು ಮೂರು ದಿನವಾದಾಗ ಬಾಡಿಗೆಯೇ ಇಪ್ಪತ್ತು ಸಾವಿರ ಮುಟ್ಟಿತು. ಪಾರ್ಟ್‌ನರ್‌ಗಳು ಇದಕ್ಕೇ ಬೇಡ ಎಂದದ್ದು. ಉತ್ತರ ಫೀಸಿನ ಲೆಕ್ಕದಲ್ಲಿದೆ. ಆಯ್ಕೆಯಾಗದೆ ಬಿಟ್ಟುಹೋಗುವ ಮಕ್ಕಳಲ್ಲಿ ವರ್ಷದ ಕೊನೆಯಲ್ಲಿ ಹುಟ್ಟಿದವರೇ ಹೆಚ್ಚು. ಒಂದು ಮಗು ಹೋದರೆ ವರ್ಷಕ್ಕೆ ಇಪ್ಪತ್ತೈದು ಸಾವಿರ ಹೋಯಿತು. ಇಬ್ಬರು ಉಳಿದರೆ ಎಲ್ಲ ಖರ್ಚೂ ವಾಪಸ್.

ದಾಖಲೆ ಸುಳ್ಳಾದರೆ ಮೇಲಿನದೆಲ್ಲ ನೀರಪಾಲು. ಆಧಾರ್ ಒಂದನ್ನೇ ನೋಡಬೇಡಿ. ಜನನ ಪ್ರಮಾಣಪತ್ರದಲ್ಲಿ ಹುಟ್ಟಿದ ದಿನಾಂಕದ ಜೊತೆ ನೋಂದಣಿ ದಿನಾಂಕವೂ ಇರುತ್ತದೆ. 21 ದಿನದೊಳಗೆ ನೋಂದಾಯಿಸುವುದು ಕಾನೂನು. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು. ಹತ್ತು ವರ್ಷದ ನಂತರ ನೋಂದಣಿಯಾದ ಪತ್ರ ಬಂದರೆ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ, ಲಸಿಕೆ ಕಾರ್ಡ್ ಕೇಳುತ್ತೇವೆ. ತಡವಾದದ್ದೆಲ್ಲ ಸುಳ್ಳಲ್ಲ, ಮನೆಯಲ್ಲಿ ಹೆರಿಗೆಯಾದ ಹಳ್ಳಿಯ ಮಕ್ಕಳೂ ಇದ್ದಾರೆ. ಮಗುವಿನ ಮುಂದೆ ಈ ವಿಚಾರಣೆ ಬೇಡ.

ಮಳೆಗಾಲದಲ್ಲಿ ಪಕ್ಕದ ಪ್ರಯೋಗವೊಂದು ಮಾಡಿದೆವು: ಅಕಾಡೆಮಿಯೊಳಗೇ ಆರು ವಾರದ ಲೀಗ್, ಕಟ್‌ಆಫ್ ಜುಲೈ 1. ಜುಲೈ, ಆಗಸ್ಟ್ ಮಕ್ಕಳು ಒಮ್ಮೆಲೇ ಗುಂಪಿನ ಹಿರಿಯರಾದರು. ಬಾಲ್ ಕೇಳಿ ಕೂಗುವುದು, ಫ್ರೀಕಿಕ್‌ಗೆ ತಾವೇ ನಿಲ್ಲುವುದು ಎರಡನೇ ವಾರಕ್ಕೇ ಶುರು. ಜೂನ್ ಮಕ್ಕಳು ಮಂಕಾದರು. ವರ್ಷವಿಡೀ ಹೀಗೆ ಇಡಲಾಗದು, ಹೊರಗಿನ ಟೂರ್ನಿಗಳೆಲ್ಲ ಜನವರಿಯವೇ. ಮತ್ತೆ, ದಿನಾಂಕ ಸರಿಸಿದರೆ ಪಕ್ಷಪಾತ ಹೋಗುವುದಿಲ್ಲ, ಜಾಗ ಬದಲಿಸುತ್ತದೆ. 1997ರಲ್ಲಿ ಬೆಲ್ಜಿಯಂ ಆಗಸ್ಟ್ 1ರಿಂದ ಜನವರಿ 1ಕ್ಕೆ ಬದಲಾದಾಗ ಅಲ್ಲಿನ ಯುವ ತಂಡಗಳಲ್ಲಿ ಜನವರಿ–ಮಾರ್ಚ್ ಮಕ್ಕಳು ತುಂಬಿಕೊಂಡರು.

ಅಮೆರಿಕದಲ್ಲಿರುವ ಕನ್ನಡಿಗ ಪೋಷಕರು ಇದನ್ನು ಗಮನಿಸಬೇಕು. ಅಲ್ಲಿನ ದೊಡ್ಡ ಯುವ ಫುಟ್‌ಬಾಲ್ ಸಂಸ್ಥೆಗಳು 2026-27ರಿಂದ ಜನ್ಮವರ್ಷ ಬಿಟ್ಟು ಆಗಸ್ಟ್ 1ರಿಂದ ಜುಲೈ 31ಕ್ಕೆ ಹೋಗುತ್ತಿವೆ. ಸಹಪಾಠಿಗಳು ಒಂದೇ ಟೀಮಿಗೆ ಬರುತ್ತಾರೆ, ಟೀಮಿನವರೆಲ್ಲ ಹೈಸ್ಕೂಲಿಗೆ ಹೋಗಿ ಎಂಟನೇ ತರಗತಿಯ ಮಗು ಒಂಟಿಯಾಗುವುದು ತಪ್ಪುತ್ತದೆ. ಆದರೆ ಜೂನ್, ಜುಲೈ ಮಕ್ಕಳು ಇನ್ನು ಗುಂಪಿನ ಕಿರಿಯರು. ಇಲ್ಲಿ ಕರ್ನಾಟಕದಲ್ಲಿ ಉಲ್ಟಾ ಆಗಲಿದೆ. ಒಂದನೇ ತರಗತಿಗೆ ಜೂನ್ 1ಕ್ಕೆ 5 ವರ್ಷ 5 ತಿಂಗಳು ಎಂದಿದ್ದಾಗ ಶಾಲೆಯ ಗೆರೆ ಸುಮಾರಾಗಿ ಜನವರಿ 1ಕ್ಕೇ ಬೀಳುತ್ತಿತ್ತು, ಫುಟ್‌ಬಾಲ್ ಗೆರೆಯೂ ಅದೇ. ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂಬ ನಿಯಮದಲ್ಲಿ ಶಾಲೆಯ ಗೆರೆ ಜೂನ್‌ಗೆ ಸರಿಯುತ್ತದೆ. ಆ ಮಕ್ಕಳು ಅಂಡರ್-13ಕ್ಕೆ ಬಂದಾಗ ಒಂದೇ ಜನ್ಮವರ್ಷದವರು ಎರಡು ತರಗತಿಗಳಲ್ಲಿ ಹಂಚಿಹೋಗಿರುತ್ತಾರೆ. ಪರೀಕ್ಷೆ ವೇಳಾಪಟ್ಟಿ ನೋಡಿ ಟ್ರಯಲ್ಸ್ ದಿನ ಇಡುವವರು ಈಗಲೇ ಶೀಟಿನಲ್ಲಿ ತರಗತಿಯ ಕಾಲಂ ಸೇರಿಸಿಕೊಳ್ಳಿ.

ಹುಡುಗಿಯರಿಗೆ ಇದೇ ಬ್ಯಾಂಡ್ ಹಾಕಬೇಡಿ. ಅವರ ಬೆಳವಣಿಗೆಯ ಜಿಗಿತ ಎರಡು ವರ್ಷ ಮೊದಲೇ ಬರುತ್ತದೆ, ಹನ್ನೆರಡಕ್ಕೆ ಬಹುತೇಕರು 90 ದಾಟಿರುತ್ತಾರೆ. ಅವರಿಗೆ ಬ್ಯಾಂಡ್ ಪಂದ್ಯ ಹತ್ತು ಹನ್ನೊಂದರ ವಯಸ್ಸಿನಲ್ಲೇ ಶುರುವಾಗಬೇಕು. ಸದ್ಯ ನಮ್ಮಲ್ಲಿ ಆ ವಯಸ್ಸಿನ ಹುಡುಗಿಯರು ಎರಡು ಟೀಮಿಗೆ ಸಾಲುವಷ್ಟಿಲ್ಲ, ಹಾಗಾಗಿ ನಂಬರ್ ಪದ್ಧತಿ ಮಾತ್ರ ನಡೆಸುತ್ತಿದ್ದೇವೆ.