ಹಳೆ ಚಾಕು, ಹೊಸ ಕೈ: ಗೆಳೆಯರ ಗುಂಪಿನಲ್ಲಿ ಕೊಟ್ಟು ತೆಗೆದುಕೊಳ್ಳುವುದು ಹೇಗೆ?

ಅಡುಗೆ, ಕೈತೋಟ, ಮರದ ಕೆತ್ತನೆ, ಹೀಗೆ ಯಾವುದಾದರೂ ಹವ್ಯಾಸ ಹಿಡಿದವರ ಮನೆಯಲ್ಲಿ ಚಾಕುಗಳು ಹೆಚ್ಚುತ್ತಲೇ ಹೋಗುತ್ತವೆ. ಒಂದು ಆಸೆಪಟ್ಟು ತಂದದ್ದು, ಒಂದು ಯಾರೋ ಕೊಟ್ಟದ್ದು, ಇನ್ನೊಂದು ಅಜ್ಜಿಯ ಕಾಲದ್ದು. ದಿನಾ ಕೈಗೆ ಬರುವುದು ಮಾತ್ರ ಎರಡೋ ಮೂರೋ. ಉಳಿದವು ಡ್ರಾಯರ್‌ನಲ್ಲಿ ಒಂದಕ್ಕೊಂದು ತಾಗಿ ಮೊಂಡಾಗುತ್ತವೆ. ಅದೇ ಊರಿನಲ್ಲಿ ಇನ್ನೊಬ್ಬರು ಅಂಥದ್ದೇ ಚಾಕು ಹುಡುಕುತ್ತಿರುತ್ತಾರೆ.

ಹರಿತ ಹತಾರ ಮಾಡುವುದು, ಉಜ್ಜುವುದು ನಮ್ಮ ಸೀಮೆಗೆ ಹೊಸದಲ್ಲ. ಬಳ್ಳಾರಿ ಪಕ್ಕದ ಸಂಗನಕಲ್ಲು ಗುಡ್ಡಗಳಲ್ಲಿ ಮೂರು ಸಾವಿರ ವರ್ಷಕ್ಕೂ ಹಿಂದೆ ಜನ ಕರಿಕಲ್ಲು ಒಡೆದು ಕೊಡಲಿ ಮಾಡುತ್ತಿದ್ದರು. ಅವನ್ನು ಉಜ್ಜಿದ ಗುರುತುಗಳು ಬಂಡೆಗಳ ಮೇಲೆ ಇನ್ನೂ ಇವೆ. ಇವತ್ತು ಸಂಡೂರಿನ ಅದಿರು, ತೋರಣಗಲ್ಲಿನ ಉಕ್ಕು. ಇಂಥ ನೆಲದಲ್ಲಿ ಒಳ್ಳೆಯ ಉಕ್ಕಿನ ಅಲಗು ಸುಮ್ನೆ ತುಕ್ಕು ಹಿಡಿಯುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ನಾಲ್ಕಾರು ಜನ ಸೇರಿದರೆ ಸಾಕು, ಹಂಚಿಕೊಳ್ಳುವುದು ಶುರು ಮಾಡಬಹುದು.

ಮೊದಲು ಬೇರೆ ಮಾಡಿ

ಮನೆಯ ಚಾಕುಗಳನ್ನೆಲ್ಲ ಒಂದು ಗೋಣಿತಟ್ಟಿನ ಮೇಲೆ ಹರಡಿ. ಒಂದು ವರ್ಷದಿಂದ ಮುಟ್ಟದ್ದನ್ನು ಪಕ್ಕಕ್ಕಿಡಿ. ಕೊಡುವ ಮುಂಚೆ ಕಾನೂನು ಗೊತ್ತಿರಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆ ಮನೆಗೆಲಸಕ್ಕೆ, ಬೇಸಾಯಕ್ಕೆ ಅಂತಲೇ ಮಾಡಿದ ಸಾಮಾನನ್ನು ಆಯುಧ ಎಂದು ಎಣಿಸುವುದಿಲ್ಲ. ಆದರೆ 2016ರ ನಿಯಮಗಳ ಪಟ್ಟಿಯಲ್ಲಿ ಖಡ್ಗ, ಬಾಕು, ಭರ್ಜಿಗಳ ಜೊತೆ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಅಲಗುಗಳೂ ಬರುತ್ತವೆ. ಮನೆ, ಬೇಸಾಯ, ವಿಜ್ಞಾನ, ಕೈಗಾರಿಕೆಯ ಕೆಲಸಕ್ಕೆ ಮಾಡಿದವಕ್ಕೆ ಮಾತ್ರ ವಿನಾಯಿತಿ. ಹಾಗಾಗಿ ಗುಂಪಿನಲ್ಲಿ ಒಂದೇ ನಿಯಮ ಇಟ್ಟುಕೊಳ್ಳಿ: ಅಡುಗೆ, ತೋಟ, ಕಸುಬಿನ ಚಾಕು ಮಾತ್ರ. ಬಾಕು, ಖಡ್ಗದಂಥವನ್ನು ಎಷ್ಟೇ ಚೆಂದ ಇದ್ದರೂ ಒಳಗೆ ಸೇರಿಸಬೇಡಿ. 18 ತುಂಬದವರ ಕೈಗೂ ಕೊಡಬೇಡಿ.

ಚಾಕುವಿನ ಆರೋಗ್ಯ ನೋಡಿ

ಚಾಕುವಿನ ಬಾಯನ್ನು ಮೇಲೆ ಮಾಡಿ ದೀಪದ ಕೆಳಗೆ ಹಿಡಿಯಿರಿ. ಹರಿತ ಇರುವ ಕಡೆ ಬೆಳಕು ಕಾಣುವುದಿಲ್ಲ. ಎಲ್ಲಿ ಬಿಳಿ ಗೆರೆ ಅಥವಾ ಚುಕ್ಕೆ ಮಿನುಗುತ್ತದೋ ಅಲ್ಲಿ ಮೊಂಡಾಗಿದೆ, ಇಲ್ಲವೇ ಚೂರು ಹಾರಿದೆ. ಆಮೇಲೆ ಬೆನ್ನಿನ ಕಡೆಯಿಂದ ನೇರ ನೋಡಿ. ಅಲಗು ಎಡಕ್ಕೋ ಬಲಕ್ಕೋ ವಾಲಿದ್ದರೆ ಗೊತ್ತಾಗುತ್ತದೆ.

ಬಾಯಿಯ ಹತ್ತಿರ ನೀಲಿ ಬಣ್ಣದ ಕಲೆ ಇದೆಯಾ? ಇದನ್ನು ತುಂಬ ಜನ ಗಮನಿಸುವುದಿಲ್ಲ. ಸಾಣೆ ಚಕ್ರಕ್ಕೆ ಜಾಸ್ತಿ ಹೊತ್ತು ಒತ್ತಿ ಹಿಡಿದರೆ ಅಂಚು ಕಾಯುತ್ತದೆ. ಸುಮಾರು 300 ಡಿಗ್ರಿ ಮುಟ್ಟಿದಾಗ ಕಾರ್ಬನ್ ಉಕ್ಕು (ಸ್ಟೇನ್‌ಲೆಸ್ ಅಲ್ಲದ, ತುಕ್ಕು ಹಿಡಿಯುವ ಉಕ್ಕು) ನೀಲಿಯಾಗುತ್ತದೆ, ಗಡಸುತನ ಕಳೆದುಕೊಳ್ಳುತ್ತದೆ. ಅಂಥ ಜಾಗ ಎಷ್ಟು ಮಸೆದರೂ ಬೇಗ ಮೊಂಡಾಗುತ್ತದೆ. ಕೆಟ್ಟ ಅಷ್ಟು ಭಾಗ ತೇಯ್ದು ಹೋದ ಮೇಲೆಯೇ ಒಳ್ಳೆ ಉಕ್ಕು ಸಿಗುತ್ತದೆ. ತೆಗೆದುಕೊಳ್ಳುವವರಿಗೆ ಇದನ್ನು ಹೇಳಲೇಬೇಕು.

ಹಿಡಿಯನ್ನು ಅಲುಗಾಡಿಸಿ ನೋಡಿ. ರಾಯಚೂರು, ಬಳ್ಳಾರಿಯಲ್ಲಿ ಬೇಸಿಗೆಯ ಒಣ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಮರ ಕುಗ್ಗುತ್ತದೆ, ಮಳೆಗಾಲದಲ್ಲಿ ಹಿಗ್ಗುತ್ತದೆ. ವರ್ಷಾನುಗಟ್ಟಲೆ ಹೀಗಾದರೆ ಹಿಡಿ ಸಡಿಲವಾಗುತ್ತದೆ ಅಥವಾ ಸೀಳುತ್ತದೆ. ಸ್ವಲ್ಪವೇ ಅಲುಗಿದರೂ ಆ ಚಾಕು ಕೊಡಬೇಡಿ. ಮೊದಲು ಕಂಬಾರರ ಹತ್ತಿರ ಅಥವಾ ಬಡಿಗರ ಹತ್ತಿರ ಒಯ್ದು ಹಿಡಿ ಭದ್ರ ಮಾಡಿಸಿ. ಮೊಂಡು ಚಾಕುವಿಗಿಂತ ಕಳಚುವ ಹಿಡಿ ಅಪಾಯ.

ತೊಳೆಯಿರಿ, ಮಸೆಯಿರಿ

ಕಪ್ಪು, ಬೂದು ಬಣ್ಣಕ್ಕೆ ತಿರುಗಿದ ಕಾರ್ಬನ್ ಉಕ್ಕಿನ ಅಲಗನ್ನು ಫಳಫಳ ಮಾಡಲು ಹೋಗಬೇಡಿ. ಆ ಕಪ್ಪು ಪದರ ತುಕ್ಕನ್ನು ಒಂದಷ್ಟು ತಡೆಯುತ್ತದೆ. ತೆಗೆಯಬೇಕಾದ್ದು ಕೆಂಪು ತುಕ್ಕು. ಹುಣಸೆಹಣ್ಣು, ಉಪ್ಪು ಹಚ್ಚಿ ತೆಂಗಿನ ನಾರಿನಿಂದ ತಿಕ್ಕಿದರೆ ಮೇಲಿನ ತುಕ್ಕು ಹೋಗುತ್ತದೆ. ಹುಳಿ ಜಾಸ್ತಿ ಹೊತ್ತು ಬಿಡಬಾರದು, ಅದೇ ಅಲಗನ್ನು ತಿನ್ನುತ್ತದೆ. ಸೋಪಿನಲ್ಲಿ ತೊಳೆದು, ಕೂಡಲೇ ಒರೆಸಿ, ತೆಳುವಾಗಿ ಕೊಬ್ಬರಿ ಎಣ್ಣೆ ಸವರಿ. ಶೇಂಗಾ ಎಣ್ಣೆ ಬೇಡ, ಬರಬರುತ್ತ ಅಂಟಂಟಾಗುತ್ತದೆ. ಮರದ ಹಿಡಿಯ ಚಾಕುವನ್ನು ಬಿಸಿನೀರಿನಲ್ಲಿ ಕುದಿಸಬೇಡಿ.

ಮರದ ಹಿಡಿಗೆ ನಮ್ಮ ಕಡೆಯ ಅಗಸಿ ಎಣ್ಣೆಯೇ ಒಳ್ಳೆಯದು. ಗಾಳಿಗೆ ಅದು ಗಟ್ಟಿಯಾಗಿ ಮರದೊಳಗೆ ಕೂರುತ್ತದೆ. ತೀರ ತೆಳುವಾಗಿ ಹಚ್ಚಿ, ಕೆಲವು ದಿನ ಬಿಟ್ಟು ಇನ್ನೊಮ್ಮೆ ಹಚ್ಚಿ. ಒಂದು ಎಚ್ಚರಿಕೆ: ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸಿ ಎಣ್ಣೆ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಅದನ್ನು ನೀರಲ್ಲಿ ನೆನೆಸಿ, ಬಯಲಲ್ಲಿ ಹರಡಿ ಒಣಗಿಸಿ.

ಸಾಣೆ ಕಲ್ಲು ಇದ್ದವರು ಮನೆಯಲ್ಲೇ ಮಸೆಯಬಹುದು. ಕಲ್ಲಿನ ಮೇಲಿನ ನಂಬರ್ (ಗ್ರಿಟ್) ಹೆಚ್ಚಿದಷ್ಟೂ ಕಲ್ಲು ನಯ. ಬಾಯಿ ಒಡೆದಿದ್ದರೆ 400ರ ಒರಟು ಕಲ್ಲು, ಇಲ್ಲದಿದ್ದರೆ 1000ದ ಕಲ್ಲಿನಿಂದಲೇ ಶುರು ಮಾಡಿ. ಸಾಧಾರಣ ಅಡುಗೆ ಚಾಕುವಿಗೆ ಒಂದೊಂದು ಬದಿಗೆ 20 ಡಿಗ್ರಿ ಓರೆ ಸಾಕು. ತೆಳು ಅಲಗಿನ ಜಪಾನಿ ಚಾಕುವಿಗೆ 15. ಕಲ್ಲು ಇಲ್ಲದಿದ್ದರೆ ಸಾಣೆ ಹಿಡಿಯುವವರ ಹತ್ತಿರ ಹೋಗಿ. ಬಳ್ಳಾರಿ ಜೀನ್ಸ್ ಹೊಲಿಯುವ ಊರು. ಕತ್ತರಿಗೆ ಸಾಣೆ ಹಿಡಿಯುವವರಿಗೆ ಅಂಚಿನ ಸೂಕ್ಷ್ಮ ಗೊತ್ತಿರುತ್ತದೆ. "ನೀರು ಹಾಕಿ ನಿಧಾನ ಹಿಡೀರಿ, ಕಾಯಬಾರದು" ಅಂತ ಮೊದಲೇ ಹೇಳಿ. ಹಣ್ಣಾದ ಟೊಮೆಟೊ ಒತ್ತದೇ ಕೊಯ್ದರೆ ಚಾಕು ತಯಾರಾಯಿತು.

ಒಂದು ಚೀಟಿ ಬರೆಯಿರಿ

ಚಾಕುವಿನ ಜೊತೆ ಚೀಟಿ ಹೋಗಲೇಬೇಕು. ಅಲಗಿನ ಉದ್ದ, ಕಾರ್ಬನ್ ಉಕ್ಕೋ ಸ್ಟೇನ್‌ಲೆಸ್ಸೋ, ಎಷ್ಟು ಹಳೆಯದು, ಏನು ದೋಷ, ಕೊನೆಗೆ ಯಾವಾಗ ಮಸೆದದ್ದು. ಮಾಂಸಕ್ಕೆ ಬಳಸಿದ್ದೋ ಬರೀ ಕಾಯಿಪಲ್ಯಕ್ಕೋ ಅನ್ನುವುದನ್ನೂ ಬರೆಯಿರಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇದು ದೊಡ್ಡ ಮಾತು. ಕೇಳಲು ಅವರಿಗೆ ಸಂಕೋಚ, ಹೇಳಲು ನಿಮಗೆ ಕಷ್ಟವೇನಿಲ್ಲ, ಅಲ್ವಾ? ಉದಾಹರಣೆಗೆ ಹೀಗೆ:

"ಅಕ್ಕಾ, ಇದು 6 ಇಂಚಿನ ಕಾರ್ಬನ್ ಚಾಕು ರೀ. ಬರೀ ಕಾಯಿಪಲ್ಯಕ್ಕೆ ಬಳಸೀನಿ. ಮೊನೆ ಹತ್ರ ಒಂದು ಸಣ್ಣ ಚೂರು ಹೋಗೇತಿ. ನಿಂಬೆಹಣ್ಣು ಕೊಯ್ದ ಕೂಡ್ಲೆ ಒರಸ್ರಿ, ಇಲ್ಲಂದ್ರ ಕಲೆ ಬೀಳ್ತಾವ."

ದೋಷ ಮುಚ್ಚಿಟ್ಟರೆ ಗುಂಪೇ ಒಡೆಯುತ್ತದೆ. ದುಡ್ಡಿಗೆ ಕೊಡುತ್ತಿದ್ದರೆ ಬೆಲೆಯನ್ನೂ ಮೊದಲೇ ಚೀಟಿಯಲ್ಲಿ ಬರೆಯಿರಿ.

ಯಾರಿಗೆ ಕೊಡಬೇಕು?

ಮೊದಲು ಕೇಳಿದವರಿಗೆ ಕೊಡುವ ಪದ್ಧತಿ ಎಲ್ಲ ಕಡೆ ಇದೆ. ನನಗೆ ಅದು ಒಪ್ಪಿಗೆಯಿಲ್ಲ. ಹಾಗೆ ಮಾಡಿದರೆ ಈಗಾಗಲೇ 20 ಚಾಕು ಇರುವವರ ಮನೆಗೇ 21ನೆಯದೂ ಹೋಗುತ್ತದೆ. "ಬೇಕು" ಎಂದವರನ್ನು ಒಂದೇ ಪ್ರಶ್ನೆ ಕೇಳಿ: ಇದರಲ್ಲಿ ಏನು ಕೆಲಸ ಮಾಡುತ್ತೀರಿ? ದಿನಾ ಸೊಪ್ಪು ಹೆಚ್ಚುವವರಿಗೆ ತೆಳು ಅಲಗು. ಕುಂಬಳಕಾಯಿ, ತೆಂಗಿನಕಾಯಿ ಅನ್ನುವವರಿಗೆ ದಪ್ಪ ಬೆನ್ನಿನದು. ಕಿನ್ನಾಳದ ಮರದ ಗೊಂಬೆ ನೋಡಿ ಕೆತ್ತನೆ ಕಲಿಯಲು ಹೊರಟ ಯುವತಿಗೆ ಗಿಡ್ಡ ಅಲಗಿನ, ಕೈತುಂಬ ಹಿಡಿ ಇರುವ ಚಾಕು. ಕೈಯನ್ನೂ ನೋಡಬೇಕು. ಸಣ್ಣ ಕೈಯವರಿಗೆ ಭಾರದ ಚಾಕು ಕೊಟ್ಟರೆ ಅದು ಮತ್ತೆ ಡ್ರಾಯರ್ ಸೇರುತ್ತದೆ. ಹೊಸಬರಿಗೆ ಮೊದಲ ಅವಕಾಶ ಕೊಡಿ. ಒಂದು ಒಳ್ಳೆಯ ಚಾಕು ಕೈಗೆ ಬಂದರೆ ಅಡುಗೆಯ ಬೇಸರವೇ ಅರ್ಧ ಹೋಗುತ್ತದೆ.

ಕೊಡಲು ಮನಸ್ಸಿಲ್ಲ, ಆದರೆ ನಾಲ್ಕು ಜನ ಬಳಸಿ ನೋಡಲಿ ಅನ್ನುವಂಥ ಚಾಕು ಇದ್ದರೆ ಸರದಿಗೆ ಬಿಡಿ. ಹೆಸರಿನ ಪಟ್ಟಿ ಮಾಡಿ, ಒಬ್ಬೊಬ್ಬರ ಹತ್ತಿರ 15 ದಿನ. ಜೊತೆಗೆ ಸಣ್ಣ ನೋಟ್‌ಬುಕ್ ಇರಲಿ, ಏನು ಕೊಯ್ದರು, ಹೇಗನಿಸಿತು ಅಂತ ಎಲ್ಲರೂ ಬರೆಯಲಿ. ಮಾಲೀಕರನ್ನು ಕೇಳದೆ ಯಾರೂ ಮಸೆಯಬಾರದು. ಮುರಿದರೆ ಏನು ಮಾಡುವುದು ಅನ್ನುವುದನ್ನು ಚಾಕು ಮನೆ ಬಿಡುವ ಮೊದಲೇ ಮಾತಾಡಿಕೊಳ್ಳಿ.

ಕಟ್ಟುವುದು, ಕೈಗೆ ಕೊಡುವುದು

ರಟ್ಟನ್ನು ಅಲಗಿಗಿಂತ ಒಂದಿಂಚು ಉದ್ದ ಕತ್ತರಿಸಿ, ಮಡಚಿ, ಸುತ್ತಲೂ ಟೇಪ್ ಹಾಕಿ. ಮೊನೆಯ ಕಡೆ ಎರಡು ಪದರ ಇರಲಿ. ಚರ್ಮದ ಒರೆಯಲ್ಲಿ ತಿಂಗಳುಗಟ್ಟಲೆ ಇಡಬೇಡಿ, ಚರ್ಮ ತೇವ ಹಿಡಿದು ತುಕ್ಕು ತರುತ್ತದೆ. ಅಂಚೆಗೆ ಹಾಕುವುದಾದರೆ ಇನ್ನೂ ಗಟ್ಟಿಯಾದ ಡಬ್ಬಿ ಬೇಕು. ಸರಿಯಾಗಿ ಮುಚ್ಚದ ಹರಿತ ವಸ್ತು ಕಳಿಸಬಾರದು ಅಂತ 1898ರ ಅಂಚೆ ಕಾಯ್ದೆಯಲ್ಲೇ ಇತ್ತು. ಕೊಪ್ಪಳದಿಂದ ರಾಯಚೂರಿಗೆ ಬಸ್ಸಿನಲ್ಲಿ ಒಯ್ಯುವಾಗಲೂ ಕಟ್ಟಿ, ಚೀಲದ ತಳದಲ್ಲಿಡಿ.

ಕತ್ತರಿ, ಚಾಕು ಕೈಯಿಂದ ಕೈಗೆ ಕೊಟ್ಟರೆ ಜಗಳ ಬರುತ್ತದೆ ಅಂತ ಹಿರಿಯರು ಹೇಳುತ್ತಾರೆ. ಈ ಮಾತನ್ನು ಪಾಲಿಸಿ. ಚಾಕುವನ್ನು ಮೇಜಿನ ಮೇಲೆ, ಹಿಡಿ ಅವರ ಕಡೆ ಮಾಡಿ ಇಟ್ಟರೆ ಯಾರ ಬೆರಳೂ ಕೊಯ್ಯುವುದಿಲ್ಲ.

ಇದಕ್ಕೆಲ್ಲ ಒಳ್ಳೆಯ ಸಮಯ ಮಹಾನವಮಿಯ ಹಿಂದಿನ ವಾರ. ಆಯುಧ ಪೂಜೆಗೆ ಎಲ್ಲರ ಮನೆಯಲ್ಲೂ ಹತಾರಗಳು ಹೊರಗೆ ಬಂದು ತೊಳೆಸಿಕೊಂಡಿರುತ್ತವೆ. ಆಗಲೇ ಒಂದು ಸಂಜೆ ಸೇರಿ.

ಯಾರೂ ಕೇಳದ ಚಾಕು ಕೆಲವು ಉಳಿಯುತ್ತವೆ. ಕಾರ್ಬನ್ ಉಕ್ಕಿನದಾದರೆ ಕುಲುಮೆಗೆ ಕೊಡಿ, ಕಂಬಾರರು ಅದನ್ನೇ ಬಡಿದು ಕಳೆ ತೆಗೆಯುವ ಸಣ್ಣ ಹತಾರ ಮಾಡಿಯಾರು. ಸವೆದು ಹೋದ ಸ್ಟೇನ್‌ಲೆಸ್ ಚಾಕು ಗುಜರಿಗೆ. ಅದನ್ನೂ ರಟ್ಟಿನಲ್ಲಿ ಕಟ್ಟಿ, ಮೇಲೆ "ಚಾಕು" ಅಂತ ದೊಡ್ಡದಾಗಿ ಬರೆದು ಕೊಡಿ. ಕಸದ ಬುಟ್ಟಿಗೆ ಮಾತ್ರ ಹಾಕಬೇಡಿ, ಪೌರಕಾರ್ಮಿಕರು ಅದರೊಳಗೆ ಬರಿಗೈ ಹಾಕುತ್ತಾರೆ.