ಟೀಮು ಆಮೇಲೆ, ಮೊದಲು ಎಲ್ಲರ ಕೈಗೂ ಚೆಂಡು

ಹಳ್ಳಿ ಮಕ್ಕಳಿಗೆ ಆಟ ಬೇರೆ ಕಲಿಸಬೇಕಾ, ಅವರು ಹುಟ್ಟಾ ಗಟ್ಟಿ ಅನ್ನುವವರು ಬಹಳ. ಆಟದ ಮೇಷ್ಟ್ರಾಗಿ ನಾನು ಕಂಡಂತೆ ಅದು ಅರ್ಧ ನಿಜ. ಓಡು ಅಂದರೆ ಓಡುತ್ತಾರೆ, ಮರ ಹತ್ತು ಅಂದರೆ ಹತ್ತುತ್ತಾರೆ. ಅದೇ ಒಂದು ಚೆಂಡು ಎಸೆದು ನೋಡಿ, ಎಷ್ಟೋ ಮಕ್ಕಳು ಕಣ್ಣು ಮುಚ್ಚಿ ಮುಖ ತಿರುಗಿಸುತ್ತಾರೆ. ಇಡೀ ಶಾಲೆಗೆ ಒಂದೇ ಚೆಂಡಿದ್ದರೆ ಇನ್ನೇನಾದೀತು? ಅದು ಜೋರಿರುವ ನಾಲ್ಕು ಜನರ ನಡುವೆಯೇ ಸುತ್ತುತ್ತದೆ. ಮಿಕ್ಕವರು ಮೈದಾನದ ಅಂಚಿನಲ್ಲಿ ಹುಲ್ಲು ಕೀಳುತ್ತಿರುತ್ತಾರೆ.

ಎಸೆಯೋದು, ಹಿಡಿಯೋದು, ಒದೆಯೋದು, ಕುಂಟೋದು ಇವೆಲ್ಲ ವಯಸ್ಸಾದಂತೆ ತಾನಾಗಿ ಬರುವುದಿಲ್ಲ. ಈ ಮೂಲ ಚಲನೆಗಳು ಕೂಡಿಬರದ ಮಗುವಿಗೆ ಮುಂದೆ ಆಟಗಳಲ್ಲಿ ಒಂದು ತಡೆ ಎದುರಾಗುತ್ತದೆ ಎಂದು ಮಕ್ಕಳ ಚಲನೆಯ ಬೆಳವಣಿಗೆ ಅಧ್ಯಯನ ಮಾಡಿದ ಅಮೆರಿಕದ ವರ್ನ್ ಸೀಫೆಲ್ಟ್ 1980ರಲ್ಲೇ ಬರೆದಿದ್ದರು. ಮಗುವಿಗೆ ಹತ್ತು ವರ್ಷ ತುಂಬುವುದರೊಳಗೆ ಕೈ ಹಾಕಿದರೆ ಕೆಲಸ ಸಲೀಸು.

ಹಳೇ ಬಟ್ಟೆ ಸುತ್ತಿ, ಹೊಲಿದು ಚೆಂಡು ಮಾಡಿ, ಇಬ್ಬರಿಗೊಂದರಂತೆ. ಮೊದಲ ಪಾಠ ಹಿಡಿಯುವುದು. ಹೆದರುವ ಮಗುವಿಗೆ ಬಲೂನಿಂದ ಶುರು ಮಾಡಿ. ಅದು ನಿಧಾನ ಇಳಿಯುವುದರಿಂದ ನೋಡಲು ಸಮಯ ಸಿಗುತ್ತದೆ, ಬಡಿದರೂ ನೋವಿಲ್ಲ. ಮಗುವಿನ ಕೈ ಗಮನಿಸಿ. ಕಲಿಯದ ಮಗು ತಟ್ಟೆ ಹೊರುವವರ ಹಾಗೆ ಎರಡೂ ಕೈ ನೆಟ್ಟಗೆ ಮುಂದೆ ಚಾಚಿರುತ್ತದೆ, ಚೆಂಡು ಎದೆಗೆ ಬಡಿದ ಮೇಲೆ ತಬ್ಬಿಕೊಳ್ಳುತ್ತದೆ. ಮೊಣಕೈ ಸಡಿಲ ಬಿಡಿಸಿ. ‘ಚೆಂಡು ನೋಡು’ ಅಂದರೆ ಸಾಲದು. ಚೆಂಡಿನ ಮೇಲೆ ಬಣ್ಣದ ಚುಕ್ಕಿ ಹಾಕಿ, ಯಾವ ಬಣ್ಣ ಎಂದು ಕೇಳಿ. ಕಣ್ಣು ತಾನಾಗಿ ಬಿಟ್ಟಿರುತ್ತದೆ.

ಎಸೆತದಲ್ಲಿ ಎಲ್ಲ ಕಡೆ ಕಾಣುವ ತಪ್ಪು ಒಂದೇ: ಬಲಗೈಲಿ ಎಸೆಯುವಾಗ ಬಲಗಾಲೇ ಮುಂದೆ. ನೆಲದಲ್ಲಿ ಸುಣ್ಣದಿಂದ ಎಡಪಾದ ಬರೆದು ‘ಇದನ್ನ ತುಳಿದು ಎಸಿ’ ಅನ್ನಿ. ಎಡಗೈಯವರಿಗೆ ಬಲಪಾದ. ಗುರಿ ಈಗಲೇ ಇಡಬೇಡಿ. ಗುರಿ ಇಟ್ಟರೆ ಮೆಲ್ಲಗೆ ಎಸೆಯುತ್ತಾರೆ. ದೂರ ಎಸೆಯಲು ಹೇಳಿ, ಸೊಂಟ ತಿರುಗುತ್ತದೆ.

ಕುಂಟುವುದು, ಒದೆಯುವುದು ಒಮ್ಮೆ ಎಡಗಾಲಲ್ಲಿ, ಒಮ್ಮೆ ಬಲಗಾಲಲ್ಲಿ ಆಗಲಿ, ಅಷ್ಟೆ.

ಔಟಾದವರು ಕೂರುವ ಆಟಗಳನ್ನು ನಾನಂತೂ ಬಿಟ್ಟೇಬಿಟ್ಟೆ. ಮೊದಲು ಔಟಾಗುವುದು ಅಭ್ಯಾಸ ಹೆಚ್ಚು ಬೇಕಾದ ಮಗುವೇ! ಔಟಾದರೆ ಐದು ಸಲ ಚೆಂಡು ಮೇಲೆಸೆದು ಹಿಡಿದು ಮತ್ತೆ ಒಳಗೆ ಬರಲಿ. ಇಬ್ಬರು ನಾಯಕರು ಒಬ್ಬೊಬ್ಬರನ್ನೇ ಕರೆದು ಟೀಮು ಕಟ್ಟುವುದೂ ಬೇಡ. ಕೊನೆಗೆ ಉಳಿಯುವ ಹುಡುಗಿ ಮುಂದಿನ ವಾರ ಹೊಟ್ಟೆನೋವು ಎನ್ನುತ್ತಾಳೆ.

ಶಾಲೆ ಬಿಟ್ಟ ಮೇಲೆ ಕೋಚಿಂಗ್ ಇಟ್ಟರೆ ದೂರದಿಂದ ನಡೆದು ಬರುವವರು, ಮನೆಗೆಲಸ ಕಾಯುತ್ತಿರುವವರು ಉಳಿಯುವುದಿಲ್ಲ. ಇದರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಹಾಗಾಗಿ ಶಾಲೆಯ ವೇಳೆಯೊಳಗೇ ಮುಗಿಸಿ. ಐದರಿಂದ ಹದಿನೇಳು ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯಾಗುವ ಚಟುವಟಿಕೆ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ. ಒಂದೇ ಉಸಿರಿಗೆ ಆಗಬೇಕೆಂದಿಲ್ಲ. ದಾರಿಯ ಚುರುಕು ನಡಿಗೆಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ತಿಂಗಳುಗಟ್ಟಲೆ ಆಡಿದರೂ ಎಡವುತ್ತಲೇ ಇರುವ, ಗುಂಡಿ ಹಾಕಲೂ ಒದ್ದಾಡುವ ಮಗುವಿದ್ದರೆ ಸೋಮಾರಿ ಎಂದು ಗದರಬೇಡಿ. ಮೊದಲು ಕಣ್ಣು ತೋರಿಸಿ, ಆಮೇಲೆ ಮಕ್ಕಳ ಡಾಕ್ಟರಿಗೆ. ಚಲನೆಯ ಹೊಂದಾಣಿಕೆಯದೇ ತೊಂದರೆ ಸುಮಾರು ನೂರಕ್ಕೆ ಐದಾರು ಮಕ್ಕಳಿಗಿರುತ್ತದೆ. ಅಂಥವರಿಗೆ ಒಂದೊಂದು ಚಲನೆಯನ್ನೂ ಬಿಡಿಬಿಡಿಯಾಗಿ, ಇನ್ನಷ್ಟು ನಿಧಾನವಾಗಿ ಕಲಿಸಬೇಕಾಗುತ್ತದೆ.